ಗೆರೆಯಕ್ಕನ ಇರುವೆಗಳು

ಮನುಷ್ಯರನ್ನು ಕಂಡರೂ ಬಟ್ಟೆಯ ಥಾನು ಕಂಡ ಹಾಗೆ ಮೊದಲು ಅಂಚು ಹಿಡಿದು ನೋಡುವುದು ನನ್ನ ಕಸುಬು ಕಲಿಸಿದ ಚಾಳಿ. ಹನ್ನೆರಡು ವರ್ಷದ ಹಿಂದೆ ಆಕೆ ನನ್ನ ಬೆಡ್‌ಶೀಟು ಅಂಗಡಿಯ ಮೆಟ್ಟಿಲು ಹತ್ತಿ ಬಂದಾಗಲೂ ಹಾಗೇ ನೋಡಿದೆ. ವಯಸ್ಸು ನಲವತ್ತರ ಆಚೆ ಈಚೆ. ಬಟ್ಟೆ ಹಳೆಯದು, ಇಸ್ತ್ರಿ ಅಂದಿನದು. ಚಪ್ಪಲಿ ಎರಡು ಸಲ ಹೊಲಿಸಿದ್ದು. ಎರಡನೆಯ ಸಲದ ಹೊಲಿಗೆ ಸ್ವಂತ ಕೈಯದು. ಹೆಗಲಲ್ಲಿ ನಕ್ಷೆ ಸುತ್ತಿಡುವ ಉದ್ದನೆಯ ತಗಡಿನ ಕೊಳವೆ. ಬಲಗೈ ನಡುಬೆರಳಿನಲ್ಲಿ ಪೆನ್ನು ಒತ್ತಿ ಒತ್ತಿ ಎದ್ದ ಬಟಾಣಿ ಗಾತ್ರದ ಗಂಟು. ಮಾತಾಡುವ ಮುಂಚೆ ಒಮ್ಮೆ ಉಗುಳು ನುಂಗುವ ಸ್ವಭಾವ. ನನ್ನ ಅಂದಾಜು ಹೀಗಿತ್ತು: ಮಾಲು ಗಟ್ಟಿ, ಬಣ್ಣ ಬಿಡುವುದಿಲ್ಲ, ಬಾಳಿಕೆ ಬರುತ್ತದೆ, ಚೌಕಾಸಿ ಗೊತ್ತಿಲ್ಲ.

ನಾಲ್ಕರಲ್ಲಿ ಮೂರು ಸರಿಹೋಯಿತು.

“ಒಂದು ಡಿಸೈನಿಗೆ ಇಷ್ಟು ಕೊಡ್ತೀನಿ ಅಕ್ಕಾ,” ಎಂದೆ. ನಡೆಯುವ ದರಕ್ಕಿಂತ ಒಂದು ಮೆಟ್ಟಿಲು ಕೆಳಗೇ ಹೇಳಿದ್ದೆ.

“ಆಗ್ಲಿ.”

ಇಷ್ಟು ಬೇಗ ಒಪ್ಪಿಬಿಟ್ಟರೆ ವ್ಯಾಪಾರಿಗೆ ಬೇಜಾರು. ಇನ್ನೂ ಕೆಳಗಿನ ಮೆಟ್ಟಿಲು ಹೇಳಬಹುದಿತ್ತಲ್ಲ ಅನ್ನಿಸುತ್ತದೆ.

“ಆದ್ರೆ ಸಾಹುಕಾರ್ರೇ, ನನ್ನ ಗೆರೆ ದಪ್ಪ ಮಾಡಬಾರದು.”

“ಸಣ್ಣ ಗೆರೆ ಅಂದ್ರೆ ಅಚ್ಚು ಹಾಕೋರಿಗೆ ತಲೆನೋವು ಅಕ್ಕಾ. ಸ್ಕ್ರೀನಿನ ಸಣ್ಣ ತೂತಲ್ಲಿ ಬಣ್ಣ ಕಟ್ಕೊಳ್ಳುತ್ತೆ.”

“ಕಟ್ಕೊಂಡ್ರೆ ತೊಳೀಲಿ. ಗೆರೆ ನನ್ನದು, ತಲೆನೋವು ಅವರದು.”

ಚೌಕಾಸಿ ಗೊತ್ತಿತ್ತು. ಹಣದ ಮೇಲೆ ಮಾಡುತ್ತಿರಲಿಲ್ಲ, ಅಷ್ಟೇ. ಈ ಮಾತು ಅಚ್ಚಿನ ಶೆಡ್ಡಿಗೆ ಮುಟ್ಟಿ, ಅಲ್ಲಿನವರು ಆಕೆಗೆ ಗೆರೆಯಕ್ಕ ಎಂದು ಹೆಸರಿಟ್ಟರು. ಆ ಹೆಸರೇ ನಿಂತಿತು.

ಗೆರೆಯಕ್ಕ ಅದಕ್ಕೆ ಮುಂಚೆ ಹದಿನಾರು ವರ್ಷ ಭೂಮಾಪನ ಕಚೇರಿಯಲ್ಲಿದ್ದವರು. ಹಳೆಯ ನಕ್ಷೆಗಳ ಮೇಲೆ ತೆಳು ಕಾಗದ ಹಾಸಿ ನಕಲು ತೆಗೆಯುವುದು ಕೆಲಸ. ಬೇರೆಯವರ ಹೊಲ, ಬೇರೆಯವರ ಬೇಲಿ, ಬೇರೆಯವರ ಬಾವಿ. ಒಂದು ಗೆರೆ ಕೂದಲೆಳೆಯಷ್ಟು ಸರಿದರೂ ಅಣ್ಣತಮ್ಮಂದಿರು ಕೋರ್ಟು ಹತ್ತುತ್ತಾರೆ ಎಂದು ಅಲ್ಲಿನ ಮೇಲಧಿಕಾರಿ ಹೆದರಿಸಿಟ್ಟಿದ್ದರಂತೆ. ಒಂದು ದಿನ ಕಚೇರಿಗೆ ಯಂತ್ರ ಬಂತು. ನಕಲು ತೆಗೆಯುವ ಹನ್ನೊಂದು ಮಂದಿ ಮನೆಗೆ ಹೋದರು. “ಹದಿನಾರು ವರ್ಷ ಊರವರ ಆಸ್ತಿ ಎಲ್ಲಾ ನನ್ನ ಕೈಯಲ್ಲೇ ಇತ್ತು ಸಾಹುಕಾರ್ರೇ. ಬರೋವಾಗ ಈ ಕೊಳವೆ ಒಂದು ತಂದೆ,” ಎನ್ನುತ್ತಿದ್ದರು. ಯಜಮಾನರು ಬಸ್ಸು ರಿಪೇರಿಯವರು. ಜಾಕು ಜಾರಿ ಬಸ್ಸಿನ ಕೆಳಗೇ ಹೋದರು. ಉಳಿದಿದ್ದು ಒಬ್ಬಳು ಮಗಳು, ಎರಡು ಕೋಣೆಯ ಬಾಡಿಗೆ ಮನೆ. ಕಿಟಕಿ ಪಕ್ಕ ನಾನು ಕೊಟ್ಟ ಗಾಜಿನ ಮೇಜು ಇಟ್ಟುಕೊಂಡಿದ್ದರು. ಮೇಜಿನ ಕೆಳಗೆ ದೀಪ, ಮೇಲೆ ಕಾಗದ. ಹೂವು, ಬಳ್ಳಿ, ಚೌಕಳಿ, ನಾನು ಹೇಳಿದ್ದನ್ನೆಲ್ಲ ಬರೆದರು. ನನಗೆ ಬೇಕಾದ್ದು ಕಳೆದ ವರ್ಷ ಓಡಿದ ಡಿಸೈನಿನ ತಮ್ಮನೋ ತಂಗಿಯೋ. ಅದನ್ನೂ ಮುಖ ಸಿಂಡರಿಸದೆ ಬರೆದುಕೊಟ್ಟರು.

ಮಗಳಿಗೆ ಹನ್ನೊಂದು ತುಂಬುವಾಗ ರಕ್ತದ ಕಾಯಿಲೆ ಬಂತು. ದೊಡ್ಡಾಸ್ಪತ್ರೆಯ ಮಕ್ಕಳ ವಾರ್ಡು, ನಲವತ್ತು ಮಂಚ, ಕಿಟಕಿಯಿಂದ ನಾಲ್ಕನೆಯದು ಅವಳದು. ಔಷಧಿ ಏರಿಸಿದ ದಿನ ಕಾಲ ಮೇಲೆ ಇರುವೆ ಹರಿಯುತ್ತಿವೆ ಎಂದು ಅಳುತ್ತಿದ್ದಳಂತೆ. ಮದ್ದಿನಿಂದ ಹಾಗನ್ನಿಸುತ್ತದೆ, ಇರುವೆ ಗಿರುವೆ ಏನೂ ಇಲ್ಲ ಎಂದು ನರ್ಸಮ್ಮ ಸಮಾಧಾನ ಹೇಳಿದರು. ಗೆರೆಯಕ್ಕ ಇಲ್ಲ ಎನ್ನಲಿಲ್ಲ.

“ಇರುವೆ ಸುಮ್ನೆ ಬರಲ್ಲ ಕಣೇ. ಏನೋ ಹೊತ್ಕೊಂಡು ಬಂದಿರುತ್ತೆ. ಇರು, ನೋಡೋಣ,” ಎಂದು ಬಟ್ಟೆಗೆ ಗುರುತು ಹಾಕುವ ಪೆನ್ನು ತೆಗೆದು, ಮನೆಯಿಂದ ತಂದಿದ್ದ ಬಿಳಿ ಬೆಡ್‌ಶೀಟಿನ ಕಾಲದೆಸೆಯಲ್ಲಿ ಒಂದು ಇರುವೆ ಬರೆದರು. ಅದರ ಬೆನ್ನ ಮೇಲೆ ಮಗಳ ಬಾಚಣಿಗೆ, ಎರಡು ಹಲ್ಲು ಮುರಿದದ್ದು.

ಮಾರನೆಯ ದಿನ ಇನ್ನೊಂದು. ದಿನಕ್ಕೊಂದು ಇರುವೆ, ಇರುವೆಗೊಂದು ಮನೆಯ ಸಾಮಾನು.

“ಇವತ್ತೇನು ತಂತು ಅಮ್ಮಾ?”

“ಬಾಗಿಲ ಚಿಲಕ.”

“ಅಯ್ಯೋ, ಮನೆಗೆ ಕಳ್ಳ ನುಗ್ಗಿದ್ರೆ?”

“ನುಗ್ಗಿ ಏನ್ ಮಾಡ್ತಾನೆ? ಕದಿಯೋ ಸಾಮಾನೆಲ್ಲ ಇರುವೆನೇ ಇಲ್ಲಿಗೆ ಹೊತ್ಕೊಂಡು ಬಂದಾಯ್ತಲ್ಲ.”

ಒಂದು ದಿನದ ಇರುವೆ ಅರ್ಧ ಕತ್ತರಿ ಹೊತ್ತು ಬಂತು. ಅವರ ಮನೆಯ ಕತ್ತರಿಯ ತಿರುಪು ಬಿದ್ದು ಎರಡು ತುಂಡಾಗಿತ್ತು. ಉಳಿದರ್ಧ ಎಲ್ಲಿ ಎಂದು ಮಗಳು ರೇಗಿದ್ದಕ್ಕೆ, ಭಾರ ಜಾಸ್ತಿ, ಹಿಂದಿನಿಂದ ಬೇರೆಯವನು ತರುತ್ತಿದ್ದಾನೆ ಎಂದರಂತೆ. ಮೂರು ದಿನ ಕಳೆದು ಉಳಿದರ್ಧ ಬಂತು. ಅಷ್ಟು ಹೊತ್ತಿಗೆ ಇಡೀ ವಾರ್ಡು ಕಾಯುತ್ತಿತ್ತು. ಬೇರೆ ಮಂಚದ ಮಕ್ಕಳು ಮಲಗಿದಲ್ಲಿಂದಲೇ ಕೂಗುತ್ತಿದ್ದರು: “ಆಂಟೀ, ನಾಲ್ಕನೇ ಮಂಚಕ್ಕೆ ಇವತ್ತೇನು ಬಂತು?”

ಅರವತ್ತೊಂದು ಇರುವೆ ಆದವು. ಅದರ ನಂತರ ಸಾಲು ಬೆಳೆಯಲಿಲ್ಲ.

ಒಂದೂವರೆ ತಿಂಗಳು ಬಿಟ್ಟು ಗೆರೆಯಕ್ಕ ಅಂಗಡಿಗೆ ಬಂದರು. ಕೊಳವೆಯಿಂದ ಕಾಗದ ತೆಗೆದು ಕೌಂಟರಿನ ಮೇಲೆ ಬಿಡಿಸಿದರು. ಅರವತ್ತೊಂದೂ ಇರುವೆಗಳು ಸಾಲಾಗಿ, ಅಚ್ಚಿಗೆ ಬೇಕಾದ ಅಳತೆಗೆ ಜೋಡಿಸಿ ಬರೆದಿದ್ದವು.

“ನಲವತ್ತು ಮಂಚ, ನಲವತ್ತು ಶೀಟು. ಆ ಮಕ್ಕಳು ದಿನಾ ಕೇಳ್ತಿದ್ರು. ಬಟ್ಟೆದು ಅಚ್ಚಿಂದು ನನ್ನ ಕೂಲಿಯಲ್ಲಿ ಹಿಡ್ಕೊಳ್ಳಿ.”

“ಛೆ ಛೆ, ನಿಮ್ಮತ್ರ ತಗೊಂಡು ನಾನೇನು ಉದ್ಧಾರ ಆಗ್ಬೇಕಾ? ನನ್ನ ಕಡೆಯಿಂದ ಇರಲಿ ಅಕ್ಕಾ,” ಎಂದೆ. ನನಗೇ ನನ್ನ ಮೇಲೆ ಬಹಳ ಪ್ರೀತಿ ಬಂತು.

“ದೊಡ್ಡ ಉಪಕಾರ. ಆಮೇಲೆ ಸ್ಕ್ರೀನು ತೊಳೆದುಬಿಡಿ ಸಾಹುಕಾರ್ರೇ. ಇದು ಅಂಗಡಿಗಲ್ಲ.”

“ಆಯ್ತಕ್ಕಾ.”

ನಲವತ್ತು ಶೀಟು ವಾರ್ಡಿಗೆ ಹೋದವು. ದಾನದ್ದು ಎಂದು ನನ್ನ ಅಂಗಡಿಯ ಲೇಬಲ್ಲು ಹೊಲಿಸಲಿಲ್ಲ. ಅಷ್ಟು ಸಂಕೋಚ ನನಗಿತ್ತು. ಸ್ಕ್ರೀನು ತೊಳೆಯಲಿಲ್ಲ. ತೊಳೆಯಬಾರದು ಎಂದೇನೂ ಇರಲಿಲ್ಲ. ಆ ವಾರ ಶೆಡ್ಡಿನಲ್ಲಿ ಕೆಲಸ ಜಾಸ್ತಿ. ಗೋಡೆಗೆ ಒರಗಿಸಿ ಇಟ್ಟರು. ಅಷ್ಟರಲ್ಲಿ ದೂರದ ಊರಿನ ಒಬ್ಬ ಗಿರಾಕಿ ಬಂದು, ಮಿಕ್ಕಿದ್ದ ಒಂದು ಸ್ಯಾಂಪಲ್ ಎಳೆದು ನೋಡಿ, “ಇದೇನ್ ಸ್ವಾಮಿ, ಇರುವೆ ಚಿಲಕ ಹೊತ್ಕೊಂಡು ಹೋಗ್ತಿದೆ! ನೂರು ಕಳ್ಸಿ,” ಎಂದ. ದಾನ ಮಾಡಿದ ನಲವತ್ತರ ಖರ್ಚು ಹುಟ್ಟಲಿ ಎಂದು ನೂರು ಕಳಿಸಿದೆ. ಖರ್ಚು ಹುಟ್ಟಿತು. ಆಮೇಲೆ ನಿಲ್ಲಿಸಲು ಕಾರಣ ಹುಡುಕಬೇಕಿತ್ತು, ನಾನು ಹುಡುಕಲಿಲ್ಲ. ಏಳು ವರ್ಷ ಮಾರಿದೆ, ಎಲ್ಲವೂ ದೂರದ ಊರುಗಳಿಗೆ. ನಮ್ಮೂರಿನಲ್ಲಿ ಒಂದೂ ಕಟ್ಟಿನಿಂದ ಹೊರಬೀಳದಂತೆ ನೋಡಿಕೊಂಡೆ. ಇಷ್ಟು ಎಚ್ಚರಿಕೆ ಮಾಡುವವನಿಗೆ ತಾನು ಮಾಡುತ್ತಿರುವುದು ಏನೆಂದು ಗೊತ್ತಿಲ್ಲದೆ ಇರುತ್ತದೆಯೇ.

ಗೆರೆಯಕ್ಕ ಆ ಏಳು ವರ್ಷ ತಿಂಗಳಿಗೊಮ್ಮೆ ವಾರ್ಡಿಗೆ ಹೋಗಿ ಹರಿದ ಶೀಟುಗಳಿಗೆ ತೇಪೆ ಹಾಕಿ ಬರುತ್ತಿದ್ದರು. ತೀರಾ ಹೋದದ್ದಕ್ಕೆ ಬದಲು ಬಿಳಿ ಬಟ್ಟೆ ಕೊಂಡು ಅರವತ್ತೊಂದು ಇರುವೆಗಳನ್ನೂ ಕೈಯಲ್ಲೇ ಬರೆಯುತ್ತಿದ್ದರು. ಒಂದು ಶೀಟಿಗೆ ಹನ್ನೆರಡು ದಿನ. ಆ ಹನ್ನೆರಡು ದಿನ ನನ್ನ ಹೂವು ಬಳ್ಳಿಗಳು ಕಾಯುತ್ತಿದ್ದವು. ನಾನು ಗೊಣಗಿದರೆ, “ಹೂವು ಬಾಡಲ್ಲ ಬಿಡಿ ಸಾಹುಕಾರ್ರೇ, ಕಾಗದದ್ದು,” ಎನ್ನುತ್ತಿದ್ದರು.

ಅವರಿಗೆ ನೋಟಿಸು ಬಂದದ್ದು ಒಂದು ಸೋಮವಾರ. ಆಸ್ಪತ್ರೆಯ ಬಟ್ಟೆಬರೆ ಪೂರೈಸುವ ಗುತ್ತಿಗೆ ಆ ವರ್ಷ ಒಂದು ದೊಡ್ಡ ಮಿಲ್ಲಿಗೆ ಹೋಗಿತ್ತು. ಅಳತೆ ತೆಗೆಯಲು ಬಂದ ಮಿಲ್ಲಿನ ಏಜೆಂಟ್ ಮಕ್ಕಳ ವಾರ್ಡಿನಲ್ಲಿ ಇರುವೆ ಸಾಲು ಕಂಡು, ಇದು ನಮ್ಮ ಡಿಸೈನು, ನಾವು ರಿಜಿಸ್ಟರ್ ಮಾಡಿಸಿದ್ದು, ಇಲ್ಲಿಗೆ ಹೇಗೆ ಬಂತು ಎಂದು ಗಲಾಟೆ ತೆಗೆದರು. ನರ್ಸಮ್ಮ ಪಾಪ, ಹೆಮ್ಮೆಯಿಂದ ಬರೆದವರ ಹೆಸರು ವಿಳಾಸ ಕೊಟ್ಟರು. ನಮಗೇಕೆ ತಂಟೆ ಎಂದು ಆಸ್ಪತ್ರೆಯವರು ಅಂದೇ ಮಧ್ಯಾಹ್ನ ನಲವತ್ತೂ ಮಂಚದಿಂದ ಶೀಟು ಕಳಚಿ ಗಂಟು ಕಟ್ಟಿದರು.

ಗೆರೆಯಕ್ಕ ನೋಟಿಸು ಹಿಡಿದು ಅಂಗಡಿಗೆ ಬಂದಾಗ ಗಿರಾಕಿಗಳಿದ್ದರು. ಅವರೆಲ್ಲ ಹೋಗುವ ತನಕ ಸ್ಟೂಲಿನ ಮೇಲೆ ಕೂತಿದ್ದು, ಆಮೇಲೆ ಕಾಗದ ನನ್ನ ಮುಂದಿಟ್ಟರು.

“ನಮ್ಮನೆ ಅರ್ಧ ಕತ್ತರಿ ಇವರ ಮನೆಗೆ ಹೇಗೆ ಹೋಯ್ತು ಸಾಹುಕಾರ್ರೇ?”

ಮಿಲ್ಲಿನ ಡಿಸೈನಿನ ಚಿತ್ರ ಲಗತ್ತಿಸಿದ್ದರು. ಬಾಚಣಿಗೆಯ ಮುರಿದ ಎರಡು ಹಲ್ಲು ಸಹಿತ ಎಲ್ಲವೂ ಇತ್ತು. ಹದಿನೈದು ದಿನದೊಳಗೆ ಎಲ್ಲ ಶೀಟುಗಳನ್ನು ಒಪ್ಪಿಸಬೇಕು, ಇನ್ನು ಮುಂದೆ ಇದನ್ನು ಬರೆಯುವುದಿಲ್ಲ ಎಂದು ಮುಚ್ಚಳಿಕೆ ಕೊಡಬೇಕು, ಮಿಲ್ಲಿನ ಡಿಸೈನನ್ನು ತಾನು ನಕಲು ಮಾಡಿದ್ದು ನಿಜ ಎಂದು ಬರೆದುಕೊಡಬೇಕು. ಜೀವಮಾನವೆಲ್ಲ ನಕಲು ತೆಗೆದ ಹೆಂಗಸು. ನಕಲಲ್ಲದ್ದು ಎಂದು ಬರೆದದ್ದು ಇದೊಂದೇ.

ಮಿಲ್ಲಿನವರಿಗೆ ಅದು ಎಲ್ಲಿ ಸಿಕ್ಕಿತು ಎಂದು ನನಗೆ ಆ ಕ್ಷಣವೇ ಹೊಳೆಯಿತು. ಆದರೂ, “ವಾರ್ಡಿಗೆ ಸಾವಿರ ಜನ ಬರ್ತಾರೆ ಅಕ್ಕಾ, ಯಾರೋ ಫೋಟೋ ತೆಗೆದಿರ್ತಾರೆ,” ಎಂದೆ.

“ಇದು ನನ್ನದೋ ಅಲ್ಲವೋ, ಕಾನೂನಲ್ಲಿ ಏನಂತಾರೆ? ಅಷ್ಟು ಗೊತ್ತಾಗ್ಬೇಕು. ಬೇರೇನೂ ಬೇಡ.”

ನನ್ನ ತಂಗಿಯ ಮಗಳು ವಕೀಲೆ. ನಾನೇ ಮುಂದೆ ಬಿದ್ದು ಅವಳಲ್ಲಿಗೆ ಕರೆದುಕೊಂಡು ಹೋದೆ. ವಾರ್ಡಿನ ನಲವತ್ತರ ಮಾತಷ್ಟೇ ಬರುತ್ತದೆ, ಕೆಲಸ ಸಲೀಸಾಗಿ ಮುಗಿಯುತ್ತದೆ ಎಂಬ ಲೆಕ್ಕಾಚಾರ. ಅವಳ ಆಫೀಸು ಒಂದು ಜೆರಾಕ್ಸ್ ಅಂಗಡಿಯ ಮೇಲೆ. ಎರಡು ಕುರ್ಚಿ, ಫೈಲುಗಳ ಭಾರಕ್ಕೆ ಬಾಗಿದ ಒಂದು ಬೀರು, ತಿರುಗುವಾಗೆಲ್ಲ ಬೈಯುವ ಒಂದು ಫ್ಯಾನು.

“ಬನ್ನಿ ಅಕ್ಕಾ. ಏನ್ ಮಾಮ, ಪುಕ್ಕಟೆ ಸಲಹೆ ಅಂದ್ರೆ ಮಾತ್ರ ನನ್ನ ನೆನಪಾಗುತ್ತೆ ನಿಮಗೆ,” ಎಂದು ಸ್ವಾಗತ ಮಾಡಿದಳು. ನೋಟಿಸು ಓದಿದಳು. ಗೆರೆಯಕ್ಕ ಕೊಳವೆಯಿಂದ ಮೊದಲ ಕಾಗದ ತೆಗೆದರು. ಅದರಡಿ ಮಗಳ ಹಾಸಿಗೆಯ ಶೀಟೂ ಇತ್ತು, ಮಡಿಸಿ ಮಡಿಸಿ ಅಂಗೈಯಗಲ ಮಾಡಿದ್ದು; ಅದನ್ನೂ ಮೇಜಿನ ಮೇಲೆ ಬಿಡಿಸಿದರು.

“ಯಾರು ಬರೆದದ್ದು?”

“ನಾನೇ.”

“ಮಾಮನ ಹತ್ರ ನೀವು ಸಂಬಳಕ್ಕಿದ್ರಾ?”

“ಇಲ್ಲಮ್ಮ. ಒಂದು ಡಿಸೈನಿಗೆ ಇಷ್ಟು ಅಂತ. ಇದು ಅದರಲ್ಲೂ ಅಲ್ಲ. ಇದನ್ನ ನನ್ನ ಮಗಳಿಗೆ ಬರೆದೆ.”

“ಒಳ್ಳೇದು. ಸಂಬಳದವರು ಬರೆದಿದ್ರೆ ಧಣಿಗೆ ಹೋಗ್ತಿತ್ತು. ಅಕ್ಕಾ, ಚಿತ್ರ ಬರೆದ ಕ್ಷಣದಲ್ಲೇ ಕಾಪಿರೈಟ್ ಹುಟ್ಟುತ್ತೆ. ಯಾವ ಆಫೀಸಿಗೂ ಹೋಗಿ ಮುದ್ರೆ ಹಾಕಿಸಬೇಕಿಲ್ಲ. ಬರೆದವರು ಬದುಕಿರೋ ತನಕ ಇರುತ್ತೆ, ಆಮೇಲೂ ಎಷ್ಟೋ ವರ್ಷ ಇರುತ್ತೆ.”

ಗೆರೆಯಕ್ಕ ಉಗುಳು ನುಂಗಿದರು. “ಹಾಗಾದ್ರೆ ನನ್ನದೇ.”

“ಇರಿ, ಒಂದು ಗಂಟಿದೆ. ಇದನ್ನ ನೀವು ಗೋಡೆಗೆ ತೂಗುಹಾಕೋಕೆ ಬರೆದಿದ್ರೆ ತಲೆಬಿಸಿನೇ ಇರ್ತಿರಲಿಲ್ಲ. ಬರೆದದ್ದು ಬೆಡ್‌ಶೀಟಿನ ಮೇಲೆ. ಬಳಸೋ ವಸ್ತುವಿಗೆ ಹಾಕೋ ಚಿತ್ರವನ್ನ ಡಿಸೈನು ಅಂತ ಬೇರೆ ಕಡೆ ರಿಜಿಸ್ಟರ್ ಮಾಡಿಸಬೇಕು. ಮಾಡಿಸದೆ ಇದ್ರೂ ಕಾಪಿರೈಟ್ ಉಳಿಯುತ್ತೆ, ಆದ್ರೆ ಒಂದು ಮಿತಿ ತನಕ. ಬರೆದವರೋ, ಬರೆದವರ ಒಪ್ಪಿಗೆ ಪಡೆದು ಬೇರೆಯವರೋ, ಕಾರ್ಖಾನೆ ರೀತಿಯಲ್ಲಿ ಅಚ್ಚು ಹಾಕ್ತಾ ಹೋಗಿ ಐವತ್ತು ದಾಟಿಸಿದ್ರೆ ಅಲ್ಲಿಗೆ ಮುಗೀತು. ಕಾಪಿರೈಟ್ ಸತ್ತ ಹಾಗೆ. ಎಷ್ಟು ಅಚ್ಚು ಹಾಕಿದ್ರಿ?”

“ನಲವತ್ತು,” ಎಂದರು ಗೆರೆಯಕ್ಕ, ಪಟ್ಟನೆ.

“ಬದುಕಿದ್ರಿ!” ಎಂದು ವಕೀಲೆ ಮೇಜು ಕುಟ್ಟಿದಳು. “ನಲವತ್ತು ಅಂದ್ರೆ ಪೂರ್ತಿ ನಿಮ್ಮದೇ. ಮಿಲ್ಲಿನವರೇ ನಿಮ್ಮ ಬಾಗಿಲಿಗೆ ಬರ್ತಾರೆ ಈಗ.”

ಗೆರೆಯಕ್ಕ ನನ್ನ ಕಡೆ ತಿರುಗಿ ನಕ್ಕರು. ಮಗಳು ಹೋದ ಮೇಲೆ ಅವರ ಹಲ್ಲು ಕಂಡದ್ದು ಅದೇ ಮೊದಲು. ಇಲ್ಲಿಗೆ ಬಾಯಿ ಮುಚ್ಚಿಕೊಂಡು ಕೂತರೆ ಎಲ್ಲರಿಗೂ ಲಾಭ ಎಂದು ನನ್ನ ತಲೆ ಓಡುತ್ತಿತ್ತು. ವಕೀಲೆ ಅಷ್ಟರಲ್ಲಿ ನೋಟಿಸಿನ ಕೊನೆಯ ಹಾಳೆಗೆ ಬಂದಿದ್ದಳು. ಮಸಿ ಮಸಿಯಾಗಿ ಬಂದಿದ್ದ ಒಂದು ಫೋಟೋ ಪ್ರತಿ; ದೂರದ ಊರಿನ ಯಾವುದೋ ಅಂಗಡಿಯಲ್ಲಿ ಸಿಕ್ಕಿದ್ದು, ಇದೂ ನಮ್ಮ ಡಿಸೈನಿನ ನಕಲೇ ಎಂದು ಮಿಲ್ಲಿನವರು ಸೇರಿಸಿದ್ದು. ಗೆರೆಯಕ್ಕ ಅದನ್ನು ವಾರ್ಡಿನ ಶೀಟೇ ಇರಬೇಕು ಎಂದುಕೊಂಡಿದ್ದರು. ವಕೀಲೆ ಕನ್ನಡಕ ಮೇಲೆತ್ತಿ ಹಾಳೆಯನ್ನು ಮೂಗಿಗೆ ಹಿಡಿದಳು.

“ಮಾಮ, ಮೂಲೆಯಲ್ಲಿರೋದು ನಿಮ್ಮ ಅಂಗಡಿ ಲೇಬಲ್ ಅಲ್ವಾ?”

ಫ್ಯಾನು ಒಂದು ಸುತ್ತು ಬೈದು ಮುಗಿಸಿತು.

“ಎಷ್ಟು ಮಾಮ?”

“ಐವತ್ತರ ಮೇಲೆ,” ಎಂದೆ.

“ಎಷ್ಟು ಮೇಲೆ?”

“ತುಂಬಾ ಮೇಲೆ.”

ಗೆರೆಯಕ್ಕ ನನ್ನನ್ನು ನೋಡಲಿಲ್ಲ. ಮೇಜಿನ ಮೇಲಿದ್ದ ಮಗಳ ಶೀಟನ್ನು ಮೊದಲಿನ ಮಡಿಕೆಗೆ ಸರಿಯಾಗಿ ಮಡಿಸತೊಡಗಿದರು.

ವಕೀಲೆಯ ತಮಾಷೆ ನಿಂತಿತು. “ಈಗ ನಾನು ಕೇಳೋದಕ್ಕೆ, ನಾನು ನಿಮ್ಮ ತಂಗಿ ಮಗಳು ಅನ್ನೋದು ಮರೆತು ಉತ್ತರ ಹೇಳಿ. ಅಕ್ಕ ಒಪ್ಪಿಗೆ ಕೊಟ್ಟಿದ್ರಾ? ಕೊಡದೆ ನೀವೇ ಅಚ್ಚು ಹಾಕಿದ್ರೆ ಆ ಶೀಟುಗಳು ಅಕ್ಕನ ಲೆಕ್ಕಕ್ಕೆ ಬರಲ್ಲ. ಕಾಪಿರೈಟ್ ಇನ್ನೂ ಜೀವಂತ ಇದೆ, ಅಕ್ಕನದೇ. ಆಗ ಮಿಲ್ಲಿನ ಮೇಲೂ ಕೇಸು, ನಿಮ್ಮ ಮೇಲೂ ಕೇಸು. ಒಪ್ಪಿಗೆ ಇತ್ತು ಅಂದ್ರೆ ಐವತ್ತು ದಾಟಿದ ದಿನವೇ ಅದು ಹೋಯ್ತು. ಮಿಲ್ಲಿನ ರಿಜಿಸ್ಟ್ರೇಷನ್ನೂ ಬೀಳುತ್ತೆ, ಯಾಕಂದ್ರೆ ಅವರಿಗಿಂತ ಮುಂಚೆ ನೀವು ಮಾರಿದ್ದೀರಿ. ಅಕ್ಕ ಕಳ್ಳಿ ಅಲ್ಲ, ಮಿಲ್ಲು ಒಡೆಯ ಅಲ್ಲ. ಆದ್ರೆ ಊರಲ್ಲಿ ಯಾರು ಬೇಕಾದ್ರೂ ಈ ಇರುವೆನ ಅಚ್ಚು ಹಾಕ್ಬಹುದು, ಅಕ್ಕ ಯಾರನ್ನೂ ತಡೆಯೋ ಹಾಗಿಲ್ಲ. ಹೇಳಿ. ಒಪ್ಪಿಗೆ ಇತ್ತಾ?”

ಇದಕ್ಕಿಂತ ಸರಳವಾದ ಪ್ರಶ್ನೆಯನ್ನು ನನಗೆ ಯಾರೂ ಕೇಳಿಲ್ಲ. ನನ್ನ ಕಣ್ಣ ಮುಂದೆ ಬಂದದ್ದು ಅಂಗಡಿಯ ಬೋರ್ಡು, ಊರಿನ ಪೇಪರು, ಕೋರ್ಟಿನ ಬೆಂಚು.

“ಬೇಡ ಅಂತೇನೂ ಹೇಳಿರಲಿಲ್ಲ,” ಎಂದೆ. “ಬಾಯಿಮಾತಲ್ಲಿ ಒಪ್ಪಿಗೆ ಇದ್ದ ಹಾಗೇ ಅಂತಿಟ್ಕೋ.”

“ನಾನು ಇಟ್ಕೊಳ್ಳೋದು ಬೇಡ ಮಾಮ. ಅಕ್ಕಾ, ನೀವು ಹೇಳಿ.”

ಗೆರೆಯಕ್ಕ ಮಡಿಸುವುದು ಮುಗಿಸಿ ಅಂಗೈಯಿಂದ ಶೀಟನ್ನು ಒತ್ತಿ ಹಿಡಿದರು. “ವಾರ್ಡಿನ ಶೀಟು ವಾಪಸು ಬರೋಕೆ ಎಷ್ಟು ದಿನ ಬೇಕಮ್ಮ?”

“ಒಪ್ಪಿಗೆ ಇತ್ತು ಅಂದ್ರೆ ಒಂದು ತಿಂಗಳು, ಮಿಲ್ಲಿಗೆ ಜಗಳ ಆಡೋಕೆ ಏನೂ ಉಳಿಯಲ್ಲ. ಇರಲಿಲ್ಲ ಅಂದ್ರೆ ಜಗಳ ಕೋರ್ಟಿಗೆ ಹೋಗುತ್ತೆ. ಐದು ವರ್ಷ ಆದ್ರೂ ಆಯ್ತು.”

“ಐದು ವರ್ಷ ಅಂದ್ರೆ, ಈಗಿರೋ ಮಕ್ಕಳು ಯಾರೂ ಅಲ್ಲಿರಲ್ಲ,” ಎಂದರು. ಮಡಿಸಿದ ಶೀಟನ್ನು ಕೊಳವೆಗೆ ಸೇರಿಸಿ, “ಸಾಹುಕಾರ್ರು ಹೇಳಿದ ಹಾಗೇ ಬರ್ಕೊಳ್ಳಿ.”

ವಕೀಲೆ ಬರೆದಳು, ನಾನು ಸಹಿ ಹಾಕಿದೆ. ಹೊರೆ ಇಳಿದ ಹಾಗಾಯಿತು. ಒಳ್ಳೆಯ ವ್ಯಾಪಾರ ಕುದುರಿದ ದಿನ ಹೊಟ್ಟೆ ಹಸಿಯುತ್ತದಲ್ಲ, ಹಾಗೆ ಹಸಿವಾಯಿತು ಎಂಬುದನ್ನೂ ಮುಚ್ಚಿಡುವುದಿಲ್ಲ. ಮೆಟ್ಟಿಲು ಇಳಿಯುವಾಗ ಗೆರೆಯಕ್ಕನನ್ನು ಮನೆ ತನಕ ಬಿಡುತ್ತೇನೆ ಎಂದೆ.

“ಬೇಡ. ದಾರಿ ಗೊತ್ತಿದೆ,” ಎಂದರು.

ಮನೆಯಲ್ಲಿ ವಿಷಯ ಹೇಳಿದ್ದಕ್ಕೆ ನನ್ನ ಹೆಂಡತಿ ತಟ್ಟೆ ಇಡುತ್ತಾ, “ನಲವತ್ತು ದಾನ ಮಾಡಿ ನಾಲ್ಕು ಸಾವಿರ ಕದ್ದವರನ್ನ ನಾನು ನಿಮ್ಮೊಬ್ಬರನ್ನೇ ನೋಡಿದ್ದು. ಉಪ್ಪು ಸಾಕಾ ನೋಡಿ,” ಎಂದಳು.

ವಕೀಲೆ ಹೇಳಿದಂತೆಯೇ ನಡೆಯಿತು. ಐದು ವಾರಕ್ಕೆ ನೋಟಿಸು ವಾಪಸಾಯಿತು, ಆಮೇಲೆ ಮಿಲ್ಲಿನ ರಿಜಿಸ್ಟ್ರೇಷನ್ನೂ ಬಿತ್ತು. ಗಂಟು ಕಟ್ಟಿದ್ದ ಶೀಟುಗಳಲ್ಲಿ ಮೂವತ್ತೆಂಟು ಮಂಚಗಳಿಗೆ ಮರಳಿದವು. ಎರಡು ಎಲ್ಲೋ ಕಳೆದುಹೋಗಿದ್ದವು. ಆ ಸಂಜೆ ಗೆರೆಯಕ್ಕ ವಾರ್ಡಿನಲ್ಲಿ ಬಹಳ ಹೊತ್ತು ಕೂತಿದ್ದರಂತೆ.

ಇರುವೆ ಯಾರ ಸ್ವತ್ತೂ ಅಲ್ಲ ಎಂಬ ಸುದ್ದಿ ಬಟ್ಟೆ ಪೇಟೆಯಲ್ಲಿ ಹರಡಲು ಎರಡು ದಿನ ಹಿಡಿಯಲಿಲ್ಲ. ಆ ವರ್ಷ ಮೂವರು ಸಗಟಿನವರು ಅಚ್ಚು ಹಾಕಿದರು. ಹಿಂದೆ ಬೀಳಬಾರದೆಂದು ನಾನೂ ಹಾಕಿದೆ, ಈ ಸಲ ನಮ್ಮೂರಿನಲ್ಲೇ, ಕಿಟಕಿಯಲ್ಲಿ ತೂಗುಹಾಕಿ. ಮುಂದಿನ ವರ್ಷ ಅದು ಛತ್ರಿಯ ಮೇಲೆ ಬಂತು, ಊಟದ ಚೀಲದ ಮೇಲೆ ಬಂತು, ಕಾಲೊರೆಸುವ ಚಾಪೆಯ ಮೇಲೆ ಬಂತು. ಇರುವೆ ಕೊಲ್ಲುವ ಪುಡಿಯ ಡಬ್ಬಿಯ ಮೇಲೂ ಬಂತು: ಅದೇ ಬಾಚಣಿಗೆ, ಅದೇ ಚಿಲಕ, ಸಾಲಿನ ಕೊನೆಯಲ್ಲಿ ಅಂಗಾತ ಬಿದ್ದ ಒಂದು ಇರುವೆಯನ್ನು ಅವರು ಸೇರಿಸಿದ್ದರು. ಮಿಲ್ಲಿನವರು ತಮ್ಮದನ್ನು ತಿದ್ದಿದರು. ಇರುವೆಗಳು ದಪ್ಪಗಾಗಿ ನಗತೊಡಗಿದವು, ಗೆರೆಗಳು ನೂಲಿನ ಹುರಿಯಷ್ಟಾದವು. ಅರ್ಧ ಕತ್ತರಿ ಯಾರಿಗೂ ಅರ್ಥವಾಗುವುದಿಲ್ಲ ಎಂದು ಒಂದೇ ಇರುವೆಗೆ ಇಡೀ ಕತ್ತರಿ ಹೊರಿಸಿದರು.

ಆಸ್ಪತ್ರೆಗೆ ಆ ತಿದ್ದಿದ ಶೀಟುಗಳೇ ಹೋದವು. ಮಿಲ್ಲಿನ ಗುತ್ತಿಗೆ ಇನ್ನೂ ಇತ್ತಲ್ಲ. ಹಳೆಯವು ಹಿಂದಿನ ಕೋಣೆ ಸೇರಿದವು. ಮುಂದಿನ ತಿಂಗಳು ಗೆರೆಯಕ್ಕ ಸೂಜಿ ದಾರ ಹಿಡಿದು ಎಂದಿನಂತೆ ಹೋದಾಗ, ಆಯಾ ವಾರ್ಡಿನ ನೆಲ ಒರೆಸುತ್ತಿದ್ದಳಂತೆ. ಒರೆಸುವ ಬಟ್ಟೆಯಲ್ಲಿ ಬಾಗಿಲ ಚಿಲಕ ಕಾಣುತ್ತಿತ್ತು.

“ಹಳೇದು ಅಕ್ಕಾ, ಬೇಕಾದ್ರೆ ತಗೊಂಡು ಹೋಗಿ. ಇನ್ನೂ ಒಂದು ಗಂಟಿದೆ,” ಎಂದಳಂತೆ ಆಯಾ, ನಿಜವಾಗಿಯೂ ಒಳ್ಳೆಯ ಮನಸ್ಸಿನಿಂದ.

“ಬೇಡಮ್ಮ. ಒರೆಸೋಕೆ ಚೆನ್ನಾಗಿದೆ. ಹತ್ತಿಬಟ್ಟೆ, ನೀರು ಹೀರುತ್ತೆ,” ಎಂದು ಗೆರೆಯಕ್ಕ ಹಿಂತಿರುಗಿದರು. ಇದನ್ನು ನನಗೆ ಹೇಳಿದ್ದು ನರ್ಸಮ್ಮ.

ಅದಾದ ಮೇಲೆ ಅವರು ಬರೆಯಲಿಲ್ಲ. ಗಾಜಿನ ಮೇಜನ್ನು ತಳ್ಳುಗಾಡಿಯಲ್ಲಿ ಹಾಕಿಸಿಕೊಂಡು ಬಂದು ಅಂಗಡಿಗೆ ಇಳಿಸಿದರು. ಗಾಜು ಒರೆಸಿತ್ತು, ಕೆಳಗಿನ ದೀಪ ಹೊಸದು.

“ಯಾಕಕ್ಕಾ? ನಾನೇನು ವಾಪಸು ಕೇಳಿದ್ನಾ?”

“ನೀವು ಕೇಳಲ್ಲ ಸಾಹುಕಾರ್ರೇ. ನಿಮಗೆ ಕೇಳೋ ಅಭ್ಯಾಸ ಇಲ್ಲ.”

ನನ್ನ ಕೌಂಟರಿನ ಆಚೆ ನಿಂತು ಯಾರೂ ಹಾಗೆ ಮಾತಾಡಿದ್ದಿಲ್ಲ. ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳು ಪರದೆ ಬಟ್ಟೆಯ ಕಡೆ ಮುಖ ತಿರುಗಿಸಿದರು.

ಈಗ ಗೆರೆಯಕ್ಕ ನನ್ನ ತಂಗಿಯ ಮಗಳ ಆಫೀಸಿನ ಕೆಳಗಿನ ಜೆರಾಕ್ಸ್ ಅಂಗಡಿಯಲ್ಲಿದ್ದಾರೆ. ಕೆಲಸ ಕೊಡಿಸಿದ್ದು ಅವಳೇ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಏಳರ ತನಕ ಯಂತ್ರದ ಮುಚ್ಚಳ ಎತ್ತುವುದು, ಕಾಗದ ಬೋರಲು ಹಾಕುವುದು, ಗುಂಡಿ ಒತ್ತುವುದು. ಪ್ರತಿ ಸಲವೂ ಹಸಿರು ಬೆಳಕು ಅವರ ಗದ್ದದ ಕೆಳಗೆ ಹಾದುಹೋಗುತ್ತದೆ. ಬೆರಳಿನ ಗಂಟು ಕರಗಿ ಈಗ ಕಾಣಿಸುವುದೇ ಇಲ್ಲ. ಎಡಗಣ್ಣಿಗೆ ಪೊರೆ ಬಂದಿದೆ. ಆಪರೇಷನ್ ಮಾಡಿಸಿಕೊಳ್ಳಿ ಎಂದರೆ, ಜೆರಾಕ್ಸಿಗೆ ಒಂದು ಕಣ್ಣು ಸಾಕು ಎನ್ನುತ್ತಾರಂತೆ.

ಹೋದ ತಿಂಗಳು ಬಾಡಿಗೆ ಕರಾರಿನ ಪ್ರತಿ ತೆಗೆಸಲು ಅಲ್ಲಿಗೆ ಹೋಗಬೇಕಾಯಿತು. ಬೇರೆ ಅಂಗಡಿಗಳಿವೆ, ಆದರೂ ಹೋದೆ. ನನ್ನ ಸರದಿ ಬಂದಾಗ ತಲೆಯೆತ್ತಿ ನೋಡಿದರು.

“ಎಷ್ಟು ಬೇಕು ಸಾಹುಕಾರ್ರೇ?”

“ಎರಡು ಸಾಕಕ್ಕಾ.”

ಎರಡು ತೆಗೆದರು. ಅಂಚು ತಟ್ಟಿ ಸರಿಮಾಡಿ ಮುಂದಿಟ್ಟರು. “ಎರಡೇ ಇದೆ. ಎಣಿಸ್ಕೊಳ್ಳಿ.”

ನಾನು ಎಣಿಸಿದೆ. ಇನ್ನೇನು ಮಾಡುವುದು?

ಮೇಲೆ ಹೋಗಿ ತಂಗಿಯ ಮಗಳನ್ನು ಕೇಳಿದೆ, ಈಗ ಏನಾದರೂ ಆಗುತ್ತದೆಯೇ ಎಂದು. ಅವಳು ಫೈಲಿನಿಂದ ಮುಖ ಎತ್ತಲಿಲ್ಲ. “ಆಗೋದು ಕಷ್ಟ. ಆದ್ರೆ ಆವತ್ತು ಹೇಳಿದ್ದು ಸುಳ್ಳು ಅಂತ ನೀವೇ ಬರೆದುಕೊಟ್ರೆ ಅಕ್ಕನ ಕೈಗೆ ಒಂದು ಆಧಾರ ಆದ್ರೂ ಸಿಗುತ್ತೆ. ಅದನ್ನಿಟ್ಕೊಂಡು ಅವರು ಮಿಲ್ಲಿನ ಮೇಲೂ ಹೋಗ್ಬಹುದು, ನಿಮ್ಮ ಮೇಲೂ ಬರ್ಬಹುದು. ನಿಮಗೆ ತೊಂದರೆ ಆಗುತ್ತೆ ಮಾಮ, ಆಗಲ್ಲ ಅಂತ ನಾನು ಹೇಳಲ್ಲ,” ಎಂದಳು.

ಅಂಗಡಿಗೆ ಬಂದು ಏಳು ವರ್ಷದ ಬಿಲ್ಲುಗಳನ್ನು ತೆಗೆಸಿ ಕೂಡಿಸಿದೆ. ಗೆರೆಯಕ್ಕ ಒಪ್ಪಿಗೆ ಕೊಟ್ಟದ್ದು ನಲವತ್ತು ಶೀಟಿಗೆ ಮಾತ್ರ. ನೋಟಿಸಿಗೆ ಮುಂಚೆ ಬೇರೆ ನಾಲ್ಕು ಸಾವಿರದ ಇನ್ನೂರ ಹದಿನಾರು ಶೀಟುಗಳನ್ನು ನಾನು ಅವರನ್ನು ಕೇಳದೆ, ಅವರಿಗೆ ಹೇಳದೆ ಅಚ್ಚು ಹಾಕಿಸಿ ಮಾರಿದೆ. ಒಪ್ಪಿಗೆ ಇತ್ತು ಎಂದು ವಕೀಲರ ಮುಂದೆ ಹೇಳಿದ್ದು ಸುಳ್ಳು. ಇಷ್ಟನ್ನು ಸಹಿ ಹಾಕಿ ಅವರ ಕೈಗೆ ಕೊಡುವುದು ನಾನು ಗೆರೆಯಕ್ಕನಿಗೆ ತೀರಿಸಬೇಕಾದ ಋಣ. ಇನ್ನೂ ತೀರಿಸಿಲ್ಲ.